ಭಿನ್ನರಾಶಿ ಮೇಲೆ ಕ್ಲಸ್ಟರ್ ಕಲಿಕಾ ದಿನ: ಇದೂ ಇನ್ನೊಂದು ಸಮಾಲೋಚನಾ ಸಭೆ ಆಗದ ಹಾಗೆ ಮಾಡುವುದು ಹೇಗೆ?

ಸೀಮೆಸುಣ್ಣ:

ಗುರುಬಳಗಕ್ಕೆ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ತೆಗೆದುಕೊಳ್ಳುತ್ತೇನೆ, ನಾಲ್ಕರಿಂದ ಏಳನೇ ತರಗತಿವರೆಗೆ. ನಮ್ಮ ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, 14 ಶಾಲೆಗಳಿವೆ. ಹೋದ ವಾರ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ ಸರ್ ಫೋನ್ ಮಾಡಿ, "ಮುಂದಿನ ತಿಂಗಳು ಎಲ್ಲ ಶಾಲೆಯ ಗಣಿತ ಟೀಚರ್‌ಗಳನ್ನು ಒಂದು ಕಡೆ ಸೇರಿಸೋಣ ಮೇಡಂ, ಇಡೀ ದಿನ, ಬರೀ ಗಣಿತ, ಪ್ಲಾನ್ ನೀವೇ ಮಾಡಿ" ಅಂದರು. ಹೂಂ ಅಂದೆ. ಈಗ ತಲೆ ಕೆಡುತ್ತಿದೆ.

ಸಮಾಲೋಚನಾ ಸಭೆ ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹತ್ತಕ್ಕೆ ಅಂದದ್ದು ಹನ್ನೊಂದಕ್ಕೆ ಶುರು. ಪ್ರಾರ್ಥನೆ, ಸ್ವಾಗತ, ಆಮೇಲೆ ಸುತ್ತೋಲೆ ಓದುವುದು. ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಯಾವ ಶಾಲೆಯ ಮಾಹಿತಿ ಬಾಕಿ ಇದೆ, ಯಾರ ಮಕ್ಕಳ ಆಧಾರ್ ಸರಿ ಹೊಂದುತ್ತಿಲ್ಲ, ಶೂ ಸಾಕ್ಸ್ ಲೆಕ್ಕ ಯಾರು ಕೊಟ್ಟಿಲ್ಲ. ಊಟ ಆದ ಮೇಲೆ ಒಬ್ಬ ಸಂಪನ್ಮೂಲ ವ್ಯಕ್ತಿ ಪಿಪಿಟಿ ಹಾಕಿ ಸ್ಲೈಡ್ ಮೇಲೆ ಇದ್ದದ್ದನ್ನೇ ಓದುತ್ತಾರೆ, ಹಿಂದಿನ ಬೆಂಚಿನಲ್ಲಿ ನಾವು ಸೇವಾ ಪುಸ್ತಕ, ಗಳಿಕೆ ರಜೆ, ವರ್ಗಾವಣೆ ಕೌನ್ಸೆಲಿಂಗ್ ಮಾತಾಡುತ್ತಿರುತ್ತೇವೆ. ಕೊನೆಗೆ ಗ್ರೂಪ್ ಫೋಟೋ, ಅದು ವಾಟ್ಸಾಪ್‌ಗೆ. ಮುಗೀತು.

ಈ ಸಲ ಹಾಗೆ ಬೇಡ ಅಂತ ಆಸೆ. ವಿಷಯ ಮಾತ್ರ ನನ್ನ ತಲೆಯಲ್ಲಿ ಸ್ಪಷ್ಟ ಇದೆ, ಭಿನ್ನರಾಶಿ. ಏಳನೇ ತರಗತಿಗೆ ಬಂದ ಮಗು 1/2 + 1/3 ಅಂದರೆ 2/5 ಅಂತ ಬರೆಯುತ್ತದೆ. ಒಂದು ಶಾಲೆಯದ್ದಲ್ಲ ಇದು, ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಾವು ಹೇಳಿಕೊಟ್ಟಿರುತ್ತೇವೆ, ಮಗು ಅವತ್ತು ಸರಿ ಮಾಡಿರುತ್ತದೆ, ತಿಂಗಳು ಬಿಟ್ಟು ಕೇಳಿದರೆ ಮತ್ತೆ 2/5.

ಕೇಳಬೇಕಾದ್ದು ಇಷ್ಟು. ಬೆಳಗ್ಗೆಯಿಂದ ಸಂಜೆವರೆಗೆ ಮಾಡುವುದೇನು? ನಮ್ಮಲ್ಲಿ ಒಬ್ಬರೇ ಟೀಚರ್ ಇರುವ ಶಾಲೆಗಳೂ ಇವೆ, ಅವರು ಬಂದರೆ ಶಾಲೆ ಯಾರು ನೋಡಿಕೊಳ್ಳುತ್ತಾರೆ? ಇನ್ನೊಂದು, ಎಲ್ಲರೂ ನನಗಿಂತ ಹಿರಿಯರು. ಕೆಲವರು ಬಾಯಿಯೇ ಬಿಡುವುದಿಲ್ಲ, ಕೆಲವರು ಬಿಟ್ಟರೆ ನಿಲ್ಲಿಸುವುದಿಲ್ಲ. ಯಾರಾದರೂ ಇಂಥದ್ದನ್ನು ನಿಜವಾಗಿ ನಡೆಸಿದ್ದರೆ ಹೇಳಿ ದಯವಿಟ್ಟು.

ಹಳೇ ಸಿಆರ್‌ಪಿ:

ಮೇಡಂ, ನಾನು ದಾವಣಗೆರೆ ಕಡೆ ಸಿಆರ್‌ಪಿ ಆಗಿದ್ದವನು, ಈಗ ನಿವೃತ್ತ. ನಿಮ್ಮ ಪ್ರಶ್ನೆ ಓದಿ ಖುಷಿ ಆಯಿತು. ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಅಂತ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ) ಕಾಲದಲ್ಲಿ, ಅಂದರೆ 1994ರ ನಂತರ, ಕಟ್ಟಿದ್ದೇ ಇದಕ್ಕೆ. ಅಕ್ಕಪಕ್ಕದ ಶಾಲೆಯವರು ಸೇರಿ ಪಾಠದ ಬಗ್ಗೆ ಮಾತಾಡಲಿ ಅಂತ. ಅದಕ್ಕೂ ಮೊದಲೇ ಕೊಠಾರಿ ಆಯೋಗ 1966ರ ವರದಿಯಲ್ಲಿ ಒಂದು ಹೈಸ್ಕೂಲು, ಸುತ್ತಲಿನ ಪ್ರಾಥಮಿಕ ಶಾಲೆಗಳು ಸೇರಿ ಒಂದು ಗುಂಪಾಗಿ ಕೆಲಸ ಮಾಡಬೇಕು ಅಂತ ಹೇಳಿತ್ತು. ಐಡಿಯಾ ಹಳೆಯದೇ. ಕಾಗದ ಪತ್ರ ಬಂದು ಅದರ ಮೇಲೆ ಕೂತಿತು ಅಷ್ಟೇ.

ಮೊದಲ ಕೆಲಸ, ಸುತ್ತೋಲೆಗಳನ್ನು ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿಗೆ ಹಾಕಿಸಿ. ಅವತ್ತು ಒಂದೂ ಓದಬಾರದು. ಇದನ್ನು ನಿಮ್ಮ ಸಿಆರ್‌ಪಿ ಹತ್ತಿರ ಈಗಲೇ ಮಾತಾಡಿ ಒಪ್ಪಿಸಿಕೊಳ್ಳಿ, ಸಭೆಯ ದಿನ ಬೆಳಗ್ಗೆ ಹೇಳಿದರೆ ಆಗುವುದಿಲ್ಲ. "ಹತ್ತೇ ನಿಮಿಷ ಮೇಡಂ, ತುರ್ತು ಮಾಹಿತಿ" ಅಂತ ಶುರುವಾದದ್ದು ಊಟದ ತನಕ ಹೋಗುತ್ತದೆ. ನಾನೇ ಆ ಕುರ್ಚಿಯಲ್ಲಿ ಕೂತಿದ್ದೆ, ಆ ಹತ್ತು ನಿಮಿಷ ಎಷ್ಟು ಉದ್ದ ಅಂತ ಗೊತ್ತು.

ಎರಡನೆಯದು, ದಿನಕ್ಕೆ ಎರಡು ವಾರ ಮುಂಚೆ ಎಲ್ಲ 14 ಶಾಲೆಯಲ್ಲೂ ಐದು ಮತ್ತು ಆರನೇ ತರಗತಿಗೆ ಒಂದೇ ಪುಟದ ನಾಲ್ಕು ಪ್ರಶ್ನೆ ಕೊಡಿಸಿ. ಪರೀಕ್ಷೆ ಅನ್ನಬೇಡಿ, ಅಂಕ ಹಾಕಬೇಡಿ. ಒಂದು, 1/3 ದೊಡ್ಡದೋ 1/4 ದೊಡ್ಡದೋ, ಯಾಕೆ ಅಂತ ಒಂದು ಸಾಲು ಬರಿ. ಎರಡು, ಸಮ ಅಲ್ಲದ ನಾಲ್ಕು ಭಾಗ ಮಾಡಿದ ಚಿತ್ರ ಬರೆದು ಒಂದಕ್ಕೆ ಬಣ್ಣ ಹಾಕಿ, ಇದು 1/4 ಹೌದೋ ಅಲ್ಲವೋ ಕೇಳಿ. ಮೂರು, ಸೊನ್ನೆಯಿಂದ ಐದರವರೆಗೆ ಸಂಖ್ಯಾರೇಖೆ ಕೊಟ್ಟು 3/4 ಎಲ್ಲಿ ಬರುತ್ತದೆ ಗುರುತು ಹಾಕಿಸಿ. ನಾಲ್ಕು, ನಿಮ್ಮ 1/2 + 1/3. ಮೂರನೆಯದರಲ್ಲಿ ಎಷ್ಟೋ ಮಕ್ಕಳು ಮೂರಕ್ಕೂ ನಾಲ್ಕಕ್ಕೂ ನಡುವೆ ಗುರುತು ಹಾಕುತ್ತಾರೆ, ನೋಡಿ ಬೇಕಾದರೆ.

ಆ ಹಾಳೆಗಳೇ ನಿಮ್ಮ ಬೆಳಗಿನ ಕಾರ್ಯಕ್ರಮ. ಮೇಜಿನ ಮೇಲೆ ಸುರಿಯಿರಿ. ನಾಲ್ಕು ನಾಲ್ಕು ಜನ ಕೂತು ಉತ್ತರಗಳನ್ನು ಬೇರ್ಪಡಿಸಲಿ. ಸರಿ, ತಪ್ಪು ಅಂತ ಎರಡು ರಾಶಿ ಬೇಡ. ತಪ್ಪು ಯಾವ ಥರದ್ದು ಅಂತ ರಾಶಿ ಮಾಡಬೇಕು. ಆಗ ನೋಡಿ, ಬಾಯಿ ಬಿಡದವರೂ ಬಿಡುತ್ತಾರೆ. ಎದುರಿಗೆ ಹಾಳೆ ಇದ್ದರೆ ಮಾತಾಡುವುದು ಸುಲಭ, ಭಾಷಣ ಮಾಡುವುದು ಕಷ್ಟ. ನಿಮ್ಮ ಎರಡೂ ಸಮಸ್ಯೆಗೆ ಒಂದೇ ಮದ್ದು.

ಹೆಸರು, ಶಾಲೆ ಹೆಸರು ಎರಡನ್ನೂ ಮುಚ್ಚಿ. ಹಾಳೆಯ ಹಿಂದೆ ಒಂದು ನಂಬರ್ ಇರಲಿ ಸಾಕು. ಇಲ್ಲದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ "ಅದು ಯಾರ ಶಾಲೆ" ಶುರುವಾಗುತ್ತದೆ.

ಬಿಎಲ್‌ಒ ಮೇಷ್ಟ್ರು:

ಎಲ್ಲ ಚೆನ್ನಾಗಿದೆ ಸರ್, ಆದರೆ ನೆಲದ ಮೇಲಿನ ಮಾತು ಒಂದಿಷ್ಟು ಆಡೋಣ. ನಾನು ಶಿಕ್ಷಕ, ಜೊತೆಗೆ ಮತಪಟ್ಟಿ ಕೆಲಸ ನೋಡುವ ಬಿಎಲ್‌ಒ, ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಇದರ ಮಧ್ಯ ಯಾವುದೋ ಸಮೀಕ್ಷೆ. ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಟೀಚರ್‌ಗಳನ್ನು ಹಚ್ಚುವ ಹಾಗಿಲ್ಲ. ಓದೋಕೆ ಬಹಳ ಚೆಂದ ಇದೆ. ಆ ಮೂರರ ಬಾಗಿಲೇ ಎಷ್ಟು ಅಗಲ ಅಂದರೆ ವರ್ಷದಲ್ಲಿ ಒಂದಲ್ಲ ಒಂದು ಅದರೊಳಗಿಂದ ಬರುತ್ತಲೇ ಇರುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿ, ಎನ್‌ಇಪಿ 2020ರಲ್ಲಿ ಪ್ರತಿ ಟೀಚರ್ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಮಾಡಬೇಕು ಅಂತ ಬರೆದರು. ನಮ್ಮ ರಾಜ್ಯ ಎನ್‌ಇಪಿ ಬೇಡ ಅಂತು, ಅದು ಬೇರೆ ಮಾತು. 50 ಗಂಟೆ ಯಾವ ದಿನದ ಯಾವ ಹೊತ್ತಿನಲ್ಲಿ ಅಂತ ಮಾತ್ರ ಯಾರೂ ಹೇಳಲಿಲ್ಲ. ಸರ್ಕಾರದ ಆನ್‌ಲೈನ್ ತರಬೇತಿಯ ದೀಕ್ಷಾ ಆ್ಯಪ್‌ನಲ್ಲಿ ರಾತ್ರಿ ಊಟ ಆದಮೇಲೆ ವಿಡಿಯೋ ಓಡಿಸಿ, ಕೊನೆಯ ಕ್ವಿಜ್ ಉತ್ತರ ಗ್ರೂಪಲ್ಲಿ ನೋಡಿ ಒತ್ತಿ, ಸರ್ಟಿಫಿಕೇಟ್ ಇಳಿಸಿಕೊಂಡದ್ದು ಯಾರಿಗೆ ಗೊತ್ತಿಲ್ಲ?

ಹಾಗಾಗಿ ಮೇಡಂ, ಮೂರು ಮಾತು. ಶನಿವಾರ ಮಧ್ಯಾಹ್ನ ಇಡಬೇಡಿ. ಬೆಳಗಿನ ಶಾಲೆ ಮುಗಿಸಿ ಬಸ್ ಹಿಡಿದು ಬಂದವರಿಗೆ ಕಣ್ಣು ಎಳೆಯುತ್ತಿರುತ್ತದೆ. ಓಓಡಿ, ಅಂದರೆ ಬೇರೆ ಕಡೆ ಕರ್ತವ್ಯಕ್ಕೆ ಹೋಗುವ ಅನುಮತಿ, ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ತೆಗೆದುಕೊಳ್ಳಿ, ಚಲನವಲನ ವಹಿಯಲ್ಲಿ ಬರೆದೇ ಹೊರಡಿ ಅಂತ ಎಲ್ಲರಿಗೂ ಹೇಳಿ. ಅವತ್ತೇ ಯಾರೋ ಶಾಲೆಗೆ ಭೇಟಿ ಕೊಟ್ಟು, ಟೀಚರ್ ಇಲ್ಲ ಅಂತ ನೋಟಿಸ್ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಮತ್ತೆ ಏಕೋಪಾಧ್ಯಾಯ ಶಾಲೆ. ಪಕ್ಕದ ಶಾಲೆಯಿಂದ ಒಬ್ಬರನ್ನು ಅವತ್ತಿಗೆ ಕಳಿಸಿಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದಲೇ ಆದೇಶ ಆಗಬೇಕು. ನಿಮ್ಮಿಂದ ಆಗುವ ಕೆಲಸ ಅಲ್ಲ ಅದು, ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಆದೇಶ ಬರದಿದ್ದರೆ ಆ ಶಾಲೆಯವರು ಬರುವುದು ಬೇಡ, ಮಕ್ಕಳನ್ನು ಅಡುಗೆಯವರ ಮೇಲೆ ಬಿಟ್ಟು ಬಂದು ಭಿನ್ನರಾಶಿ ಕಲಿಯುವುದರಲ್ಲಿ ಅರ್ಥ ಇಲ್ಲ.

ಸೀಮೆಸುಣ್ಣ:

ಹಳೇ ಸಿಆರ್‌ಪಿ ಸರ್, ಹಾಳೆಯ ಐಡಿಯಾ ಸಕತ್. ನಿನ್ನೆ ಸುಮ್ನೆ ನಮ್ಮ ಆರನೇ ತರಗತಿಗೆ ಮೂರನೇ ಪ್ರಶ್ನೆ ಕೊಟ್ಟು ನೋಡಿದೆ. ನೀವು ಹೇಳಿದ ಹಾಗೇ ಆಯಿತು, ಮೂರು ನಾಲ್ಕರ ಮಧ್ಯ ಗುರುತು. ಲೆಕ್ಕದಲ್ಲಿ ಚುರುಕಾಗಿರುವ ಹುಡುಗಿಯೂ ಅಲ್ಲೇ ಹಾಕಿದ್ದಾಳೆ.

ಬಿಎಲ್‌ಒ ಮೇಷ್ಟ್ರೇ, ಏಕೋಪಾಧ್ಯಾಯ ಶಾಲೆಯ ವಿಷಯ ಸರಿ, ಸಿಆರ್‌ಪಿ ಸರ್‌ಗೆ ಇವತ್ತೇ ಹೇಳುತ್ತೇನೆ. ಆದರೆ ಒಬ್ಬರೇ ಇರುವವರಿಗೇ ಇಂಥ ದಿನ ಜಾಸ್ತಿ ಬೇಕು ಅನಿಸುತ್ತದೆ. ಪಾಪ, ವರ್ಷವಿಡೀ ಪಾಠದ ಬಗ್ಗೆ ಮಾತಾಡೋಕೆ ಶಾಲೆಯಲ್ಲಿ ಇನ್ನೊಬ್ಬ ಟೀಚರ್ ಇರುವುದಿಲ್ಲ.

ಮಧ್ಯಾಹ್ನಕ್ಕೆ ಏನು ಅಂತ ಇನ್ನೂ ಹೊಳೆದಿಲ್ಲ. ಯಾರಾದರೂ ಒಬ್ಬರಿಂದ ಮಾದರಿ ಪಾಠ ಮಾಡಿಸೋಣ ಅಂತ ಒಬ್ಬ ಹೆಚ್‌ಎಂ ಹೇಳಿದರು.

ಲೆಸ್ಟರ್ ಕನ್ನಡಿಗ:

ನಮಸ್ಕಾರ, ನಾನು ಹಾಸನದವನು, ಈಗ ಇಂಗ್ಲೆಂಡಿನಲ್ಲಿ ಸೆಕೆಂಡರಿ ಶಾಲೆಯಲ್ಲಿ ಮ್ಯಾಥ್ಸ್ ಟೀಚರ್. ಇಲ್ಲಿ ಇದಕ್ಕೆ ಇನ್‌ಸೆಟ್ ಡೇ ಅಂತಾರೆ. ಟೀಚರ್‌ಗಳ ಕೆಲಸದ ಕರಾರಿನಲ್ಲೇ ವರ್ಷಕ್ಕೆ 195 ದಿನ, ಅದರಲ್ಲಿ 190 ದಿನ ಪಾಠ, 5 ದಿನ ಮಕ್ಕಳಿಗೆ ರಜೆ ಕೊಟ್ಟು ಟೀಚರ್‌ಗಳು ಮಾತ್ರ ಬರಬೇಕು. 1980ರ ದಶಕದ ಕೊನೆಯಲ್ಲಿ ಕೆನ್ನೆತ್ ಬೇಕರ್ ಶಿಕ್ಷಣ ಸಚಿವ ಆಗಿದ್ದಾಗ ಬಂದದ್ದು, ಹಳಬರು ಈಗಲೂ ಬೇಕರ್ ಡೇ ಅಂತ ಕರೆಯುತ್ತಾರೆ. ಬಿಎಲ್‌ಒ ಮೇಷ್ಟ್ರು ಹೇಳಿದ ಮಾತೇ ಮುಖ್ಯ ನೋಡಿ. ದಿನ ಮೊದಲೇ ಕ್ಯಾಲೆಂಡರ್‌ನಲ್ಲಿ ಇರುತ್ತದೆ, ಪೋಷಕರಿಗೆ ವರ್ಷದ ಶುರುವಿನಲ್ಲೇ ಗೊತ್ತಿರುತ್ತದೆ. ಅವರು ಗೊಣಗುತ್ತಾರೆ, ಮಕ್ಕಳನ್ನು ಯಾರು ನೋಡಿಕೊಳ್ಳೋದು ಅಂತ, ಅದು ಇಲ್ಲೂ ಇದ್ದದ್ದೇ.

ಹಾಗಂತ ಇಲ್ಲಿ ಎಲ್ಲ ಬಂಗಾರ ಅಂದುಕೊಳ್ಳಬೇಡಿ. ಈಗ ಬಹಳ ಶಾಲೆಗಳು ಅಕಾಡೆಮಿ ಟ್ರಸ್ಟ್‌ಗಳ ಕೆಳಗೆ ಇವೆ. ಒಂದೊಂದು ಟ್ರಸ್ಟ್‌ನಲ್ಲಿ ಎಷ್ಟೋ ಶಾಲೆ. ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದೇ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಹೊರಗಿನಿಂದ ಒಬ್ಬ ದುಬಾರಿ ಭಾಷಣಕಾರನನ್ನು ಕರೆಸುವುದುಂಟು. ಅವನು ತನ್ನ ಜೀವನದ ಕತೆ ಹೇಳುತ್ತಾನೆ, ನಾವು ಕಾಫಿ ಎಷ್ಟೊತ್ತಿಗೆ ಅಂತ ನೋಡುತ್ತಿರುತ್ತೇವೆ. ನಿಮ್ಮ ಪಿಪಿಟಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಎಸಿ ಇದೆ ಅಷ್ಟೇ.

ಉಪಯೋಗ ಆಗಿದ್ದು ಯಾವಾಗಲೂ ಮಧ್ಯಾಹ್ನದ ಚಿಕ್ಕ ಗುಂಪುಗಳು. ಒಂದೇ ವಿಷಯ, ಒಂದೇ ತರಗತಿಗೆ ಕಲಿಸುವವರು, ಬೇರೆ ಬೇರೆ ಶಾಲೆಯಿಂದ. ಮಕ್ಕಳ ಪುಸ್ತಕ ತಂದು, ಒಂದೇ ಉತ್ತರಕ್ಕೆ ನೀನು ಎಷ್ಟು ಅಂಕ ಕೊಡ್ತೀಯ, ನಾನು ಎಷ್ಟು ಕೊಡ್ತೀನಿ, ಯಾಕೆ ಅಂತ ಜಗಳ ಆಡುವುದು. ಆ ಜಗಳದಲ್ಲಿ ಕಲಿತಷ್ಟು ನಾನು ಬೇರೆ ಎಲ್ಲೂ ಕಲಿತಿಲ್ಲ.

ಇನ್ನೊಂದು, ಕೆಲವು ಶಾಲೆಗಳು ಇಡೀ ದಿನ ತೆಗೆದುಕೊಳ್ಳದೆ, ಅಷ್ಟೇ ಗಂಟೆಯನ್ನು ಶಾಲೆ ಬಿಟ್ಟ ಮೇಲಿನ ಎರಡೆರಡು ಗಂಟೆಯಾಗಿ ಒಡೆದು ಮಾಡುತ್ತವೆ, ಆ ಲೆಕ್ಕಕ್ಕೆ ಟರ್ಮ್ ಕೊನೆಯಲ್ಲಿ ಒಂದು ದಿನ ಬೇಗ ರಜೆ. ಮಧ್ಯೆ ಮಧ್ಯೆ ಭೇಟಿ ಆಗುವುದರಿಂದ, ಹೋದ ಸಲ ಹೇಳಿದ್ದನ್ನು ಮಾಡಿ ನೋಡಿದೆಯಾ ಅಂತ ಕೇಳೋಕೆ ಆಗುತ್ತದೆ. ಒಂದೇ ದೊಡ್ಡ ದಿನದಲ್ಲಿ ಅದು ಆಗುವುದಿಲ್ಲ.

ನಲಿಕಲಿ ಅಕ್ಕ:

ಮಾದರಿ ಪಾಠ ದಯವಿಟ್ಟು ಬೇಡ ಸೀಮೆಸುಣ್ಣ ಅವರೇ. ಎಷ್ಟು ನೋಡಿಲ್ಲ ನಾವು. ಚುರುಕು ಮಕ್ಕಳನ್ನು ಮುಂದೆ ಕೂರಿಸಿ, ಹಿಂದಿನ ದಿನವೇ ಒಂದು ಸುತ್ತು ಮಾಡಿಸಿ, ಬಣ್ಣದ ಚಾರ್ಟ್ ಅಂಟಿಸಿ, ಪ್ರಶ್ನೆ ಕೇಳುವ ಮುಂಚೆಯೇ ಕೈ ಎತ್ತುತ್ತಾರೆ. ನಾಟಕ ಅದು. ನೋಡಿದವರಿಗೆ ಅಬ್ಬಾ ಅನಿಸುತ್ತದೆ, ಮಾರನೇ ದಿನ ತನ್ನ ತರಗತಿಯಲ್ಲಿ ಮಾಡೋಕೆ ಏನೂ ಉಳಿದಿರುವುದಿಲ್ಲ.

ಜಪಾನಿನಲ್ಲಿ ಟೀಚರ್‌ಗಳು ಸೇರಿ ಪಾಠ ಕಟ್ಟುವ ಪದ್ಧತಿ ನೂರು ವರ್ಷಕ್ಕಿಂತ ಹಳೆಯದು. ಅಲ್ಲಿ ಪಾಠ ಒಬ್ಬರದ್ದಲ್ಲ, ಗುಂಪಿನದ್ದು. ನಾಲ್ಕೈದು ಜನ ಕೂತು ಒಂದು ಪಾಠ ಬರೆಯುತ್ತಾರೆ, ಮಗು ಎಲ್ಲಿ ಎಡವಬಹುದು ಅಂತ ಮೊದಲೇ ಊಹೆ ಮಾಡಿಕೊಳ್ಳುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಟೀಚರ್‌ನ ಅಲ್ಲ, ಮಕ್ಕಳನ್ನು. ಆಮೇಲೆ "ನಾವು ಬರೆದ ಆ ಪ್ರಶ್ನೆ ಕೆಲಸ ಮಾಡಲಿಲ್ಲ" ಅಂತ ಮಾತಾಡುತ್ತಾರೆ. ಕಲಿಸಿದವರ ಮರ್ಯಾದೆ ಹೋಗುವುದಿಲ್ಲ, ಯಾಕೆಂದರೆ ತಪ್ಪು ಎಲ್ಲರದ್ದೂ.

ಜಪಾನ್ ದೂರ ಆಯಿತು ಅಂದರೆ ನಮ್ಮದೇ ನಲಿಕಲಿ ನೋಡಿ, ಮಕ್ಕಳು ಕಾರ್ಡ್‌ಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ನಮ್ಮ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದರು, ಯುನಿಸೆಫ್ ಬೆಂಬಲ ಇತ್ತು, ಆಮೇಲೆ ಕಾರ್ಡ್‌ಗಳನ್ನು ಟೀಚರ್‌ಗಳೇ ಕೂತು ಬರೆದರು. 2009–10ರಲ್ಲಿ ಇಡೀ ರಾಜ್ಯಕ್ಕೆ ಬಂತು. ಆಗ ಅಚ್ಚಾದ ಕಾರ್ಡ್, ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ತೋರಿಸುವ ಅಚ್ಚಾದ ಏಣಿ, ಎಲ್ಲ ಪೆಟ್ಟಿಗೆಯಲ್ಲಿ ಬಂದು ಇಳಿಯಿತು. ನಾನು ಮೈಸೂರು ಕಡೆಯವಳು, ಆ ಮೊದಲ ಗುಂಪಿನಲ್ಲಿದ್ದ ಹಿರಿಯರ ಜೊತೆ ಕೆಲಸ ಮಾಡಿದ್ದೇನೆ. ಪ್ರತಿ ಕಾರ್ಡ್ ಯಾಕೆ ಅಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ನಮಗೆ ಕಾರ್ಡ್ ನಂಬರ್ ಗೊತ್ತಿತ್ತು. ನನಗೆ ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ, ಹೆಚ್ಚು ಬರೆಯುವುದಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಒಂದೇ ಒಂದು ಪಾಠ ಸೇರಿ ಬರೆಯಿರಿ. ನಲವತ್ತು ನಿಮಿಷದ ಪಾಠ, ಸಂಖ್ಯಾರೇಖೆ ಮೇಲೆ ಭಿನ್ನರಾಶಿ, ಅಷ್ಟೇ. ನಮ್ಮ ಪುಸ್ತಕಗಳಲ್ಲಿ ಮಗುವಿಗೆ ಮೊದಲು ಸಿಗುವುದು ಈಗಾಗಲೇ ಭಾಗ ಮಾಡಿದ ವೃತ್ತ, ಬಣ್ಣ ಹಾಕಿದ ತುಂಡು. ಮಗು ಬಣ್ಣದ್ದನ್ನು ಎಣಿಸಿ ಮೇಲೆ ಬರೆಯುತ್ತದೆ, ಒಟ್ಟು ಎಣಿಸಿ ಕೆಳಗೆ ಬರೆಯುತ್ತದೆ. ಅದು ಎಣಿಕೆ, ಭಿನ್ನರಾಶಿ ಅಲ್ಲ. ಮುಕ್ಕಾಲು ಅನ್ನುವುದು ಒಂದಕ್ಕಿಂತ ಸ್ವಲ್ಪ ಕಮ್ಮಿ ಇರುವ ಒಂದು ಸಂಖ್ಯೆ ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ. ಕಾಗದದ ಪಟ್ಟಿ ಮಡಚಿಸಿ, ಅದೇ ಪಟ್ಟಿಯನ್ನು ರೇಖೆಯ ಮೇಲೆ ಇಡಿಸಿ. ಖರ್ಚು ಏನಿಲ್ಲ, ಹಳೇ ಕ್ಯಾಲೆಂಡರ್ ಸಾಕು.

ಬಿಎಲ್‌ಒ ಮೇಷ್ಟ್ರು:

ಅಕ್ಕಾವ್ರೇ, ಪಾಠ ಸೇರಿ ಬರೆಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇನ್ನೊಬ್ಬರು ಬಂದು ತರಗತಿಯ ಹಿಂದೆ ಕೂರುವುದು ನಮ್ಮಲ್ಲಿ ಸುಲಭ ಅಲ್ಲ. ಹಿಂದೆ ಕೂತವರು ಅಂದರೆ ನಮಗೆ ತಪಾಸಣೆ. ಸಿಆರ್‌ಪಿ ಬಂದರೂ ಕೈಯಲ್ಲಿ ಫಾರ್ಮ್ಯಾಟ್ ಇರುತ್ತದೆ, ಹೋಗುವಾಗ ಸಂದರ್ಶನ ಪುಸ್ತಕದಲ್ಲಿ ಒಂದು ಸಾಲು ಬರೆದೇ ಹೋಗುತ್ತಾರೆ. ಆ ಭಯ ಒಂದು ದಿನದಲ್ಲಿ ಹೋಗುವುದಿಲ್ಲ. ಪರಸ್ಪರ ತರಗತಿ ನೋಡುವುದು ಆಮೇಲೆ ಯಾವತ್ತಾದರೂ ಇಟ್ಟುಕೊಳ್ಳಲಿ, ಮೊದಲ ದಿನವೇ ಇಟ್ಟರೆ ಅರ್ಧ ಜನ ಹುಷಾರಿಲ್ಲ ಅಂತ ರಜೆ ಹಾಕುತ್ತಾರೆ.

ನಲಿಕಲಿ ಅಕ್ಕ:

ಒಪ್ಪಿದೆ ಸರ್. ಸೇರಿ ಬರೆಯಲಿ, ತಂತಮ್ಮ ಶಾಲೆಗೆ ಹೋಗಿ ಕಲಿಸಲಿ, ಮಕ್ಕಳು ಬರೆದದ್ದನ್ನು ಮತ್ತೆ ತರಲಿ. ನೋಡುವುದು ಬೇಡ. ಆದರೆ ಸಿಆರ್‌ಪಿ ಅವತ್ತು ಫಾರ್ಮ್ಯಾಟ್ ಮನೆಯಲ್ಲಿ ಬಿಟ್ಟು ಬರಬೇಕು.

ಛೇದ ಅಂಶ:

ನಾನು ಹೈಸ್ಕೂಲ್ ಗಣಿತದವನು, ತಡವಾಗಿ ಓದಿದೆ. ಇಲ್ಲಿ ಎಲ್ಲರೂ ಮಕ್ಕಳ ತಪ್ಪಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಗಣಿತದ ಬಗ್ಗೆ? ಸಿಟ್ಟಾಗಬೇಡಿ. ಬೆಳಗ್ಗೆ ಬಂದ ತಕ್ಷಣ ಎಲ್ಲ ಟೀಚರ್‌ಗಳಿಗೂ ಒಂದು ಕೆಲಸ ಕೊಡಿ. 3/4 ÷ 1/2, ಉತ್ತರ ಬೇಡ, ಇದಕ್ಕೆ ದಿನನಿತ್ಯದ ಒಂದು ಕತೆ ಲೆಕ್ಕ ಬರೆಯಿರಿ ಅಂತ. ಬಹಳ ಜನ ಬರೆಯುವುದು ಹೀಗೆ: ಮುಕ್ಕಾಲು ಲೀಟರ್ ಹಾಲನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು? ಅದು 3/4 ÷ 2. ಸರಿಯಾದದ್ದು, ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರ್ ಬಾಟಲಿಗೆ ತುಂಬಿದರೆ ಎಷ್ಟು ಬಾಟಲಿ? ಒಂದೂವರೆ. "ತಿರುಗಿಸಿ ಗುಣಿಸು" ಅಂತ ನಾವೆಲ್ಲ ಕಲಿತೆವು, ಹಾಗೇ ಕಲಿಸಿದೆವು, ಯಾಕೆ ತಿರುಗಿಸಬೇಕು ಅಂತ ಯಾರೂ ಕೇಳಲಿಲ್ಲ. ಇದನ್ನು ಒಬ್ಬೊಬ್ಬರೇ ಬರೆಯಲಿ, ಯಾರೂ ಓದಿ ಹೇಳುವುದು ಬೇಡ, ಪಕ್ಕದವರ ಜೊತೆ ಮಾತ್ರ ಹೋಲಿಸಿ ನೋಡಿಕೊಳ್ಳಲಿ. ಹಿರಿಯರಿಗೆ ಮುಜುಗರ ಆಗಬಾರದು.

ನಿಮ್ಮ 2/5 ವಿಷಯಕ್ಕೆ ಬಂದರೆ, ಮಗು ಪೂರ್ತಿ ತಲೆ ಇಲ್ಲದೆ ಬರೆದಿಲ್ಲ. ಒಂದು ಟೆಸ್ಟ್‌ನಲ್ಲಿ ಎರಡಕ್ಕೆ ಒಂದು ಅಂಕ, ಇನ್ನೊಂದರಲ್ಲಿ ಮೂರಕ್ಕೆ ಒಂದು, ಒಟ್ಟು ಐದಕ್ಕೆ ಎರಡು. ಅಂಕಪಟ್ಟಿಯಲ್ಲಿ ನಾವೇ ಹೀಗೆ ಕೂಡುತ್ತೇವೆ, ಮೇಲೆ ಕೆಳಗೆ ಗೆರೆ ಎಳೆದು. ಅದು ಅಲ್ಲಿ ಸರಿ, ಇಲ್ಲಿ ಯಾಕೆ ತಪ್ಪು ಅಂತ ಟೀಚರ್‌ಗಳೇ ಅರ್ಧ ಗಂಟೆ ವಾದ ಮಾಡಲಿ, ಮಜಾ ಇರುತ್ತದೆ. ಮಗುವಿಗೆ ಕೇಳಬೇಕಾದ ಪ್ರಶ್ನೆ ಒಂದೇ: 2/5 ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ? ಕಮ್ಮಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಹೇಗೆ ಆಗುತ್ತದೆ? ಅಷ್ಟು ಕೇಳಿ ಸುಮ್ಮನೆ ನಿಲ್ಲಿ. ಲಸಾಅ ಆಮೇಲೆ.

ನಮ್ಮ ಹೈಸ್ಕೂಲ್ ಕಡೆ ವಿಷಯ ಶಿಕ್ಷಕರ ವೇದಿಕೆ ಅಂತ ಇತ್ತು, ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಅನ್ನುವ ಸಂಸ್ಥೆ ಸೇರಿ ನಡೆಸಿದ್ದು. ಗಣಿತದವರಿಗೆ ಜಿಯೋಜಿಬ್ರಾ ಅನ್ನುವ ಗಣಿತದ ತಂತ್ರಾಂಶ ಕಲಿಸಿದರು. ಅದಕ್ಕಿಂತ ಹೆಚ್ಚಾಗಿ, ಜಿಲ್ಲೆ ಬಿಟ್ಟು ಜಿಲ್ಲೆಯವರು ಇಮೇಲ್ ಗುಂಪಿನಲ್ಲಿ ಒಂದು ಲೆಕ್ಕ ಹಾಕಿ ಕಿತ್ತಾಡುತ್ತಿದ್ದೆವು. ರಾತ್ರಿ ಹನ್ನೊಂದಕ್ಕೂ ಉತ್ತರ ಬರುತ್ತಿತ್ತು, ಯಾರೂ ಹೇಳಿ ಮಾಡಿಸಿದ್ದಲ್ಲ. ನಿಮ್ಮ ಕ್ಲಸ್ಟರ್‌ನಲ್ಲೂ ಸುತ್ತೋಲೆ ಗ್ರೂಪ್ ಬೇರೆ, ಲೆಕ್ಕದ ಗ್ರೂಪ್ ಬೇರೆ ಮಾಡಿ. ಲೆಕ್ಕದ ಗ್ರೂಪಿನಲ್ಲಿ ಅಧಿಕಾರಿಗಳು ಬೇಡ, ಗುಡ್ ಮಾರ್ನಿಂಗ್ ಫೋಟೋ ಅಂತೂ ಬೇಡವೇ ಬೇಡ.

ಸೀಮೆಸುಣ್ಣ:

ಎಲ್ಲರಿಗೂ ದೊಡ್ಡ ನಮಸ್ಕಾರ. 3/4 ÷ 1/2 ಕತೆ ಲೆಕ್ಕ ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದೆ. ಮೂರು ಜನ ಮೂರು ಥರ ಬರೆದರು, ಮಧ್ಯಾಹ್ನದ ಬೆಲ್ ಆದದ್ದೇ ಗೊತ್ತಾಗಲಿಲ್ಲ. ಹೆಚ್‌ಎಂ ಬಂದು ಏನು ಗಲಾಟೆ ಅಂದರು, ಅವರೂ ಕೂತರು.

ಈಗ ಯೋಚನೆ ಹೀಗಿದೆ. ಶನಿವಾರ ಅಲ್ಲ, ಗುರುವಾರ. ಸಿಆರ್‌ಪಿ ಸರ್ ಸುತ್ತೋಲೆ ಬುಧವಾರವೇ ಹಾಕೋಕೆ ಒಪ್ಪಿದ್ದಾರೆ, ಓಓಡಿ ಲೆಟರ್‌ಗೆ ಬಿಇಒ ಕಚೇರಿಗೆ ಬರೆದಿದ್ದಾರೆ, ಒಬ್ಬರೇ ಇರುವ ಶಾಲೆಗೆ ಬದಲಿ ವ್ಯವಸ್ಥೆಯೂ ಅದರಲ್ಲೇ ಕೇಳಿದ್ದಾರೆ, ಬರುತ್ತದೋ ಇಲ್ಲವೋ ನೋಡಬೇಕು. ಬರದಿದ್ದರೆ ಅವರನ್ನು ಕರೆಯುವುದಿಲ್ಲ, ಬದಲಿಗೆ ನಾನೂ ಇನ್ನೊಬ್ಬರೂ ಆಮೇಲೆ ಒಂದು ದಿನ ಸಂಜೆ ಹಾಳೆ ತೆಗೆದುಕೊಂಡು ಅವರ ಊರಿಗೇ ಹೋಗುತ್ತೇವೆ. ಬೆಳಗ್ಗೆ ಕತೆ ಲೆಕ್ಕ, ಆಮೇಲೆ ಹಾಳೆಗಳನ್ನು ರಾಶಿ ಮಾಡುವುದು. ಊಟಕ್ಕೆ ಎಲ್ಲರೂ ಬುತ್ತಿ ತರುವುದು ಅಂತ ಹೇಳಿದ್ದೇನೆ. ಮಕ್ಕಳ ಬಿಸಿಯೂಟದ ಲೆಕ್ಕಕ್ಕೆ ಕೈ ಹಾಕುವುದು ಬೇಡ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಂಚಿಕೊಂಡರೆ ಮಾತು ಇನ್ನೂ ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಸಂಖ್ಯಾರೇಖೆ ಪಾಠ ಸೇರಿ ಬರೆಯುವುದು. ದೀಪ, ಸ್ವಾಗತ, ವಂದನಾರ್ಪಣೆ ಯಾವುದೂ ಇಲ್ಲ. ಇದಕ್ಕೆ ಮಾತ್ರ ಒಬ್ಬ ಹಿರಿಯರಿಗೆ ಬೇಜಾರಾಗಿದೆ, ಅವರದ್ದೇ ಯಾವಾಗಲೂ ವಂದನಾರ್ಪಣೆ. ಅವರಿಗೆ ಸಮಯ ನೋಡಿಕೊಳ್ಳುವ ಕೆಲಸ ಕೊಡೋಣ ಅಂತಿದ್ದೇನೆ.

ಹಳೇ ಸಿಆರ್‌ಪಿ:

ಒಳ್ಳೆಯ ಉಪಾಯ ಮೇಡಂ. ಸಮಯ ನೋಡುವವರು ಹಿರಿಯರಾದರೆ ಉದ್ದ ಮಾತಾಡುವವರನ್ನು ನಿಲ್ಲಿಸುವ ಅಧಿಕಾರ ಅವರಿಗಿರುತ್ತದೆ, ನಿಮಗೆ ಇರುವುದಿಲ್ಲ.

ಒಂದು ಬಿಟ್ಟು ಹೋಗಿದೆ. ಎರಡನೇ ದಿನಾಂಕ. ಲೆಸ್ಟರ್‌ನವರು ಹೇಳಿದ್ದು ಅದನ್ನೇ. ಗುರುವಾರ ಸಂಜೆ ಎದ್ದು ಹೋಗುವ ಮುಂಚೆ ಮುಂದಿನ ಭೇಟಿಯ ದಿನ, ಜಾಗ ಎರಡೂ ಬೋರ್ಡಿನ ಮೇಲೆ ಬರೆದಿರಬೇಕು. ಮೂರು ನಾಲ್ಕು ವಾರದೊಳಗೆ, ಎರಡೇ ಗಂಟೆ ಸಾಕು. ಪಾಠ ಮಾಡಿದ ಮೇಲೆ ಅದೇ ಮೂರನೇ ಪ್ರಶ್ನೆಯನ್ನು ಮಕ್ಕಳಿಗೆ ಮತ್ತೆ ಕೊಟ್ಟು ಹಾಳೆ ತರಬೇಕು ಅಂತ ಹೇಳಿ, ಹತ್ತು ಮಕ್ಕಳದ್ದಾದರೂ ಸರಿ. ಬರುವವರು ಕಮ್ಮಿ ಆಗುತ್ತಾರೆ, ಅದಕ್ಕೆ ಬೇಸರ ಬೇಡ. ಯಾದಗಿರಿ ಕಡೆ ಟೀಚರ್‌ಗಳು ಸಂಜೆ ಹೊತ್ತು ಶಿಕ್ಷಕರ ಕಲಿಕಾ ಕೇಂದ್ರಗಳಲ್ಲಿ ಸ್ವಂತ ಇಷ್ಟದಿಂದ ಸೇರುತ್ತಿದ್ದರು, ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ನಡೆಸುವುದು. ಅಲ್ಲಿ ಹಾಜರಾತಿ ಕಡ್ಡಾಯ ಇರಲಿಲ್ಲ, ಬಂದವರು ಬೇಕು ಅಂತಲೇ ಬಂದವರು.

ಆ ಒಂದು ಪುಟದ ಪ್ರಶ್ನೆ ಬರೆದ ಮೇಲೆ ಇಲ್ಲೇ ಹಾಕಿ, ನಾವೂ ನೋಡುತ್ತೇವೆ. ಎರಡನೇ ಪ್ರಶ್ನೆಯ ಚಿತ್ರ ಕೈಯಲ್ಲಿ ಬರೆಯುವಾಗ ಹುಷಾರು, ಭಾಗಗಳು ಸಮ ಅಲ್ಲ ಅಂತ ಜೆರಾಕ್ಸ್‌ನಲ್ಲೂ ಚೆನ್ನಾಗಿ ಕಾಣಬೇಕು.